ಮುಂದಿನ ಕೋಣೆಯ ಕಡಲಿಗೆ ಬಿದ್ದ ಹುಳ

ನಮ್ಮ ಮನೆ, ಮುಂದಿನ ಕೋಣೆ
ಭಾನುವಾರ ಸಂಜೆ

ಪ್ರೀತಿಯ ಇವಳೇ,

ಹಾಗೂ ಇವಳ ಹೆಗಲ ಮೇಲಿಂದ ಇಣುಕುತ್ತಿರುವ ಮಹಾಜನಗಳೇ, ನಾದಿನಿಯೇ, ನಾದಿನಿಯ ಅತ್ತೆಯವರೇ, ಎಲ್ಲರೂ ಕೂತುಕೊಳ್ಳಿ. ಯಾರಾದರೊಬ್ಬರು ಹಿಂದಿನ ಸಾಲಿಗೂ ಕೇಳುವಂತೆ ಗಟ್ಟಿಯಾಗಿ ಓದಿ. ಈ ಕಾಗದ ಇವಳೊಬ್ಬಳ ಕಣ್ಣಿಗೇ ಬೀಳುತ್ತದೆಂಬ ಭ್ರಮೆ ನನಗಿಲ್ಲ.

ನಿನ್ನ ಮಂಡಿನೋವು ಹೇಗಿದೆ? ತಂಗಿಯ ಮನೆಯ ಮೆಟ್ಟಿಲು ಕಡಿದು, ನಿಧಾನಕ್ಕೆ ಹತ್ತು. ನೀನು ಬಿಟ್ಟುಹೋದ ಎಣ್ಣೆಸೀಸೆ ಒಯ್ಯಲು ನನ್ನ ಷಡ್ಡಕ ಬಂದು ಸೋಫಾದ ತುದಿಯಲ್ಲಿ, ಎಲ್ಲಿ ಏನು ಅಂಟಿಕೊಳ್ಳುತ್ತದೋ ಎಂಬಂತೆ ಕೂತಿದ್ದಾನೆ. ನೀನು ಫೋನು ಎತ್ತುವುದಿಲ್ಲ. ಹಾಗಾಗಿ ಅವನ ಜೇಬೇ ನನ್ನ ಅಂಚೆಪೆಟ್ಟಿಗೆ.

ಗುರುವಾರ ನೀನು ಹೊಸ್ತಿಲಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಆ ಗಾಜಿನ ಪೆಟ್ಟಿಗೇಲಿ ಒಂದು ಹುಳ ಇರೋವರೆಗೂ ನಾನು ಈ ಮನೆಗೆ ಕಾಲಿಡಲ್ಲ ಕಣ್ರೀ." ಅಷ್ಟು ಹೇಳಿ, ಅರ್ಧ ಅಡುಗೆಮನೆಯನ್ನೇ ಎರಡು ಚೀಲಕ್ಕೆ ತುಂಬಿಕೊಂಡು ಹೊರಟೆ. ನಲವತ್ತು ವರ್ಷ ರಂಗದ ಮೇಲೆ ರಾಜನಾಗಿ, ರಾಕ್ಷಸನಾಗಿ ಗರ್ಜಿಸಿದವನು ನಾನು. ಅಂಥ ನಿರ್ಗಮನವನ್ನು ನಮ್ಮ ನಾಟಕ ಕಂಪನಿಯಲ್ಲಿ ಯಾರೂ ಮಾಡಿದ್ದಿಲ್ಲ. ಕಂಪನಿ ಮುಚ್ಚಿದ ಮೇಲೆ ನನಗುಳಿದ ದೀಪವಿರುವ ರಂಗವೆಂದರೆ ಆ ಉಪ್ಪುನೀರಿನ ತೊಟ್ಟಿ ಒಂದೇ, ಪ್ರೇಕ್ಷಕರೆಂದರೆ ಆ ಕಿತ್ತಳೆ ಬಣ್ಣದ ದೊರೆ, ದೊರೆಸಾನಿ ಎಂಬ ಎರಡು ಮೀನು. "ಮೀನು ಚಪ್ಪಾಳೆ ತಟ್ಟಲ್ಲ ಅಂತ ಗೊತ್ತಿದ್ರೂ ಡೈಲಾಗ್ ಹೊಡೀತೀರಲ್ಲ" ಎಂದು ನೀನು ಹಂಗಿಸಿದಾಗಲೂ ನಾನು ಬಿಡಲಿಲ್ಲ. ಒಂದೊಂದು ಸಂಭಾಷಣೆಗೂ ಒಂದೊಂದು ಚಿಟಿಕೆ ಆಹಾರ ಎರಚಿದೆ. ತಿಂದುಳಿದದ್ದು ತಳಕ್ಕಿಳಿದು ನೀರು ಕೆಟ್ಟಿತು, ಕೆಟ್ಟ ನೀರಿನಲ್ಲಿ ಹುಳ ಕೊಬ್ಬಿತು.

ಆ ಹುಳವನ್ನು ವರ್ಣಿಸದೆ ಬಿಡಲಾರೆ. ಊಟ ಮಾಡುತ್ತಿರುವವರು ತಟ್ಟೆ ಬದಿಗಿಡಿ. ಕತ್ತರಿಸಿ ಎಸೆದ ಉಗುರಿನಷ್ಟೇ ಗಾತ್ರ, ಹಳೆಯ ತಗಡಿನ ತುಕ್ಕಿನ ಬಣ್ಣ, ಕಾಲಿಲ್ಲ, ತಲೆ ಯಾವುದು ಬಾಲ ಯಾವುದು ತಿಳಿಯುವುದಿಲ್ಲ. ದೀಪ ಹಾಕಿದೊಡನೆ ಸಾವಿರ ತುಣುಕು ಲೋಳೆ ಗಾಜಿನ ಮೇಲೆ ಜಾರತೊಡಗುತ್ತದೆ. ಹವಳದ ಮೇಲೆ ಹುಣ್ಣಿನ ಹಕ್ಕಳೆಯಂತೆ ಪದರ ಕಟ್ಟುತ್ತದೆ. ದೊರೆ ಬಂದು ಮೂಸಿ, ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಗಾಜಿನ ಆಚೆಯಿಂದ ನೋಡುವಾಗಲೇ ಅಂಗೈ ತುರಿಸುತ್ತದೆ.

ಅದು ಗಾಜಿನಾಚೆಗೇ ಉಳಿದಿದ್ದರೆ ನೀನಿಂದು ಇಲ್ಲೇ ಇರುತ್ತಿದ್ದೆ. ಎರಡು ವಾರದಿಂದ ಮಾಡುತ್ತಿದ್ದಂತೆ ಗುರುವಾರವೂ ಸಣ್ಣ ಕೊಳವೆಯಿಂದ ಹುಳ ಹೀರಿ ತೆಗೆಯಲು ಹೊರಟೆ. ನೀರು ಹರಿಯಲು ಮೊದಲು ಬಾಯಿಂದ ಎಳೆಯಬೇಕು. ನನ್ನ ಉಸಿರು ನಿನಗೆ ಗೊತ್ತು, ಮೂರು ಪುಟದ ಮಾತನ್ನು ಒಂದೇ ದಮ್ಮಿನಲ್ಲಿ ಒಪ್ಪಿಸಿದ ಎದೆ ಇದು. ಒಂದೇ ಎಳೆತಕ್ಕೆ ಬಾಯಿ ತುಂಬಿತು. ಉಪ್ಪು, ಕೊಳೆತ ನಾತ, ನಾಲಿಗೆಯ ಮೇಲೆ ಮೆಲ್ಲಗೆ ಮಗ್ಗುಲಾಗುತ್ತಿರುವ ಏನೋ ಒಂದು. ರಂಗದ ಮೇಲೆ ಎಷ್ಟೋ ಸಲ ವಿಷ ಕುಡಿದು ಸತ್ತಿದ್ದೇನೆ, ಅದೆಲ್ಲ ಬಣ್ಣದ ನೀರು. ಇದನ್ನು ರಭಸದಿಂದ ಉಗುಳಿದ ಹೊತ್ತಿಗೆ, ನೀನು ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಗಳು ಎದುರಿಗೇ ಇರಬೇಕೇ? ನಿನ್ನ ಬಿಳಿ ರವಿಕೆಯ ಮೇಲೆ ಅವು ಹರಿದಾಡಿದ್ದನ್ನು ನಾನೂ ಕಂಡೆ. ನಿನ್ನ ಮೇಲೆ ತಪ್ಪು ಹೊರಿಸುವುದಿಲ್ಲ.

ನೀನು ಗುಳುಗುಳು ಎಂದು ಹೆಸರಿಟ್ಟ ಮೀನಿನಂಗಡಿಯವನ ಬಳಿಗೆ ಮರುದಿನವೇ ಓಡಿದೆ. "ನಾನು ಕೊಟ್ಟ ಹವಳದ ಕಲ್ಲಲ್ಲೇ ಬಂದಿರ್ಬೇಕು ಸಾರ್" ಎಂದು ನಾಚಿಕೆಯಿಲ್ಲದೆ ನಕ್ಕ. "ಊಟ ಕಮ್ಮಿ ಮಾಡಿ. ಮೊದಲು ಆದಷ್ಟು ಹೀರಿ ತೆಗೀರಿ, ಆಮೇಲೆ ಔಷಧಿ. ಎಲ್ಲಾ ಒಟ್ಟಿಗೆ ಸತ್ರೆ ಅವುಗಳ ಮೈಯಿಂದ ವಿಷ ಬಿಡುತ್ತೆ, ಮೀನೂ ಜೊತೆಗೇ ಹೋಗ್ತವೆ." ಹೀರಿದ ನೀರನ್ನು ಏನು ಮಾಡಿದಿರಿ ಎಂದ. ಉಪ್ಪು ಅಳೆದು ಕಲಸಿದ ನೀರು, ಚೆಲ್ಲಲು ಮನಸ್ಸಾಗದೆ ಎರಡು ವಾರದಿಂದ ಸೋಸಿ ಸೋಸಿ ವಾಪಸ್ ಸುರಿಯುತ್ತಿದ್ದೇನೆ ಎಂದೆ. "ಅಯ್ಯೋ ಸಾರ್, ಮೊಟ್ಟೆ ಎಲ್ಲಾ ಅದ್ರಲ್ಲೇ ಇಳಿದು ಹೋಗಿರುತ್ತೆ. ಯಾವುದ್ರಲ್ಲಿ ಸೋಸಿದ್ರಿ?" ನಾನು ಅವನ ಅಂಗಡಿಯ ಗಡಿಯಾರ ನೋಡಿದೆ.

ನಿನ್ನೆ ಇಡೀ ದಿನ ಹೀರಿದೆ. ಈ ಸಲ ಬಾಯಿಂದಲ್ಲ, ಅವನೇ ಕೊಟ್ಟ ರಬ್ಬರ್ ಉಂಡೆ ಒತ್ತಿ. ನೀರನ್ನು ನೇರ ಬಚ್ಚಲಿಗೆ ಬಿಟ್ಟೆ. ಇಂದು ಬೆಳಗ್ಗೆ ಔಷಧಿ ಹಾಕಿದೆ. ಉಳಿದವು ಮುದುಡಿ, ಗಾಜಿನಿಂದ ಕಳಚಿ, ಕಂದು ಎಂಜಲಿನಂತೆ ನೀರಲ್ಲಿ ಸುತ್ತಿದವು. ಅದನ್ನೂ ಹೀರಿ, ಅರ್ಧ ನೀರು ಬದಲಿಸಿ, ವಿಷ ಹೀರುವ ಇದ್ದಿಲ ಚೀಲ ಇಳಿಬಿಟ್ಟು, ಕಿಟಕಿಗಳನ್ನೆಲ್ಲ ತೆಗೆದಿಟ್ಟೆ. ನಾತಕ್ಕೆ ಪಕ್ಕದ ಮನೆಯಾಕೆ ಬಂದು, "ಏನಾದ್ರೂ ಸತ್ತಿದೆಯಾ?" ಎಂದು ಕೇಳಿದಳು. ಈಗ ಗಾಜು ಸ್ವಚ್ಛವಾಗಿದೆ. ದೊರೆ, ದೊರೆಸಾನಿ ಬದುಕಿದ್ದಾರೆ. ಭೂತಗನ್ನಡಿ ಹಿಡಿದು ಮೂಲೆಮೂಲೆ ಜಾಲಾಡಿದೆ, ಒಂದೂ ಕಾಣಲಿಲ್ಲ. ನಿನ್ನ ಬಟ್ಟೆಗಳನ್ನು ಮೂರು ನೀರಿನಲ್ಲಿ ಒಗೆದು ಮತ್ತೆ ಇಸ್ತ್ರಿ ಮಾಡಿಟ್ಟಿದ್ದೇನೆ, ಮಡಿಕೆ ಮಾತ್ರ ನಿನ್ನಷ್ಟು ನೇರವಿಲ್ಲ. ನಿನ್ನ ಷರತ್ತು ಪೂರೈಸಿದ್ದೇನೆ, ಬಂದುಬಿಡು. ಮಾತಾಡಿದರೆ ಉತ್ತರ ಕೊಡುವವರು ಯಾರೂ ಇಲ್ಲದ ಮನೆಯಲ್ಲಿ ನನ್ನ ಗಂಟಲಿಗೂ ಬೇಸರವಾಗಿದೆ.

ನಾದಿನಿಗೆ ಆಶೀರ್ವಾದ, ಅವಳ ಅತ್ತೆಯವರಿಗೆ ನಮಸ್ಕಾರ. ಮಂಡಿಗೆ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿಕೋ.

ನಿನ್ನ
ಇವರು

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಷಡ್ಡಕ ಸ್ಕೂಟರ್ ಶುರು ಮಾಡಿದ್ದಾನೆ. ಅವನಿಗೊಂದು ಲೋಟ ಟೀ ಮಾಡೋಣವೆಂದು ಒಳಗೆ ಹೋದೆ. ತೂಗುಹಾಕುವ ಮೊಳೆಯಲ್ಲಿ ಟೀ ಜರಡಿ ಇಲ್ಲ. ಇವನನ್ನು ಕೇಳಿದರೆ, "ಅಕ್ಕ ತಂದಿದ್ದಾರಲ್ಲ, ದಿನಾ ಅದ್ರಲ್ಲೇ ಸೋಸೋದು, ಬಲು ಸಣ್ಣ ಕಣ್ಣಿಂದು" ಎನ್ನುತ್ತಾನೆ. ಇವಳೇ, ಆ ಜರಡಿಯಲ್ಲಿ ಇನ್ನು ಟೀ ಸೋಸಬೇಡ. ಸೋಸಿಟ್ಟಿದ್ದರೆ ಚೆಲ್ಲು. ಕಾರಣವನ್ನು ಕಾಗದದಲ್ಲಿ ಕೇಳಬೇಡ, ನಾದಿನಿಯ ಅತ್ತೆಯವರಿಗಂತೂ ಹೇಳಲೇಬೇಡ. ಗಟ್ಟಿಯಾಗಿ ಓದುತ್ತಿರುವವರು ಯಾರೇ ಆಗಿರಲಿ, ಈ ಕೊನೆಯ ಭಾಗವನ್ನು ಮನಸ್ಸಿನಲ್ಲೇ ಓದಿಕೊಳ್ಳಿ. ನಾಳೆ ಬೆಳಗ್ಗೆ, ನಿಮ್ಮಲ್ಲಿ ಟೀಗೆ ನೀರಿಡುವ ಮೊದಲೇ, ಪಾತ್ರೆ ಅಂಗಡಿಯವನನ್ನು ಎಬ್ಬಿಸಿಯಾದರೂ ಹೊಸ ಜರಡಿ ಕೊಂಡು, ನಿನ್ನ ತಂಗಿಯ ಮನೆ ಬಾಗಿಲಲ್ಲಿ ಬಂದು ನಿಲ್ಲುತ್ತೇನೆ. ಬೈಯುವುದನ್ನೆಲ್ಲ ಅಲ್ಲಿಯೇ ಬೈದು ಮುಗಿಸು, ನಿನ್ನ ಎರಡು ಚೀಲವನ್ನೂ ನಾನೇ ಹೊತ್ತು ತರುತ್ತೇನೆ.