ತೋಳಿನ ಪಾಠಕ್ಕೆ ನಿನ್ನ ಒಪ್ಪಿಗೆ

ಶನಿವಾರ, 14 ಮಾರ್ಚ್
ಅಂಗಡಿಯ ಕಟಿಂಗ್ ಮೇಜಿನಿಂದ

ಮುನಿದು ಕೂತ ಅಕ್ಕನಿಗೆ ತಂಗಿಯ ನಮಸ್ಕಾರ.

ಎರಡು ವರ್ಷದ ಮೇಲೆ ಕಾಗದ ಬಂತಲ್ಲ, ಯಾರಿಗೇನಾಯಿತೋ ಎಂದು ಹೆದರಬೇಡ. ಎಲ್ಲರೂ ಚೆನ್ನಾಗಿದ್ದೇವೆ. ನಾನಂತೂ ಖುಷಿಯಲ್ಲಿ ಕುಣಿಯುತ್ತಿದ್ದೇನೆ, ಹೇಳಿಕೊಳ್ಳಲು ನೀನೇ ಬೇಕು!

ಪ್ರತಿ ಸೋಮವಾರ ನಾನು ಇಮೇಲಿನಲ್ಲಿ ಕಳಿಸುವ ಹೊಲಿಗೆ ಪಾಠ ಈ ತಿಂಗಳು ನಿಂತೇ ಹೋಗುವುದರಲ್ಲಿತ್ತು. ಬೇಡದ ಮೇಲ್‌ಗಳ ಕಾಟ ತಪ್ಪಿಸಲು ಹೊಸ ಕಾಯ್ದೆ ಬಂದಿದೆ. ಓದುಗರು ತಾವಾಗಿ ‘ಹೌದು, ಕಳಿಸಿ’ ಎಂದು ಒತ್ತಬೇಕು. ಒತ್ತದವರ ವಿಳಾಸವನ್ನು ನಿನ್ನೆ ಸಂಜೆಯೊಳಗೆ ಅಳಿಸಬೇಕಿತ್ತು. ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಇಲ್ಲಿ ನಡೆಯುವುದಿಲ್ಲ. ಕಳ್ಳರಿಗೆ ಬೀಸಿದ ಬಲೆಗೆ ದರ್ಜಿಯೂ ಬಿದ್ದಳು ನೋಡು.

ನಾನೋ ಮಹಾ ಜಾಣೆ! ಕೆಂಪಕ್ಷರದಲ್ಲಿ ‘ತುರ್ತು! ಕೊನೆಯ ಅವಕಾಶ! ಇಲ್ಲಿ ಒತ್ತಿ!’ ಎಂದು ಎರಡು ಸಾವಿರದ ಆರುನೂರು ಜನಕ್ಕೆ ಕಳಿಸಿದೆ. ಬಂದ ಹೌದು ಮೂವತ್ತೊಂದು. ಉಳಿದದ್ದೆಲ್ಲ ನೇರ ಸ್ಪ್ಯಾಮ್ ಡಬ್ಬಿಗೆ. ನಮ್ಮ ಯಜಮಾನರು ಓದಿ, ‘ಲಾಟರಿ ಹೊಡೆದಿದೆ ಅಂತ ಬರೋ ಮೋಸದ ಮೇಲ್ ಥರಾನೇ ಇದೆಯಲ್ಲೇ’ ಎಂದು ಬಿದ್ದು ಬಿದ್ದು ನಕ್ಕರು. ಮೈಯೆಲ್ಲ ಉರಿಯಿತು, ಆದರೆ ಮಾತು ನಿಜವಾಗಿತ್ತು. ಮತ್ತೆ ಕೂತು ಎಂದಿನ ನನ್ನ ಧಾಟಿಯಲ್ಲೇ ಬರೆದೆ. ಕಾಲರ್ ಸುಕ್ಕಾಗದಂತೆ ಹೊಲಿಯುವುದು ಹೇಗೆಂದು ವಿವರಿಸಿ, ಕೊನೆಗೆ ಒಂದೇ ಸಾಲು: ಮುಂದೆಯೂ ಬರೆಯಲೇ? ಅಕ್ಕಾ, ಸಾವಿರದ ಒಂಬೈನೂರ ಹನ್ನೆರಡು ಹೌದು! ನಿಲ್ಲಿಸಿದರೆ ಮನೆಗೇ ಬಂದು ಜಗಳವಾಡುತ್ತೇನೆ ಎಂದು ಒಬ್ಬರು ಬರೆದಿದ್ದಾರೆ.

ಅದರಲ್ಲಿ ನಿನ್ನ ಹೌದು ಇರಲಿಲ್ಲ. ಒತ್ತದವರನ್ನು ಅಳಿಸುತ್ತಾ ನಿನ್ನ ವಿಳಾಸ ಬಂದಾಗ ಅದೊಂದನ್ನು ಬಿಟ್ಟು ಮುಂದಿನವರನ್ನೆಲ್ಲ ಮುಗಿಸಿದೆ. ಕೊನೆಗೆ ಅದನ್ನೂ ಅಳಿಸಿದೆ. ಅಂಚೆಗೆ ಈ ಕಾಯ್ದೆ ಇಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಊರವರನ್ನೆಲ್ಲ ಕೇಳಿದ ಮೇಲೆ ಬುದ್ಧಿ ಬಂತು. ಒಂದು ಭುಜ ಇಳಿದವರಿಗೆ ತೋಳು ಕೂರಿಸುವ ವಿದ್ಯೆ ನಿನ್ನದು. ವರ್ಷಗಟ್ಟಲೆ ಬಟ್ಟೆ ಕೆಡಿಸಿ ನೀನು ಕಂಡುಕೊಂಡದ್ದನ್ನು ನಿನ್ನನ್ನೊಂದು ಮಾತೂ ಕೇಳದೆ ನನ್ನದೆಂಬಂತೆ ಹಂಚಿ ಹೆಸರು ಮಾಡಿಕೊಂಡೆ. ನೀನು ಸಿಟ್ಟಾದಾಗ, ಮನೆಯವರನ್ನೂ ಕೇಳಬೇಕೇ ಎಂದು ವಾದಿಸಿದೆ. ಕೇಳಬೇಕಿತ್ತು. ತಪ್ಪಾಯಿತು ಅಕ್ಕಾ. ಆ ಪಾಠವನ್ನು ಇಂದು ತೆಗೆದುಹಾಕಿದ್ದೇನೆ. ನಿನ್ನ ಹೆಸರಿನಲ್ಲಿ ಮತ್ತೆ ಹಾಕಲೇ? ಬೇಡವೆನ್ನುವುದಾದರೂ ಬರೆ, ನೀನು ಸುಮ್ಮನಿದ್ದರೆ ಮಾತ್ರ ನನ್ನಿಂದ ತಡೆಯಲಾಗದು.

ಕತ್ತು ಉದ್ದ ಮಾಡಿ ಕಾಯುತ್ತಿರುವ
ನಿನ್ನ ತರಲೆ ತಂಗಿ

ಮರೆತ ಮಾತು: ಇದು ಮರೆತದ್ದಲ್ಲ, ಮುಚ್ಚಿಟ್ಟದ್ದು. ನೀನಾಗಿ ಪಾಠದ ಪಟ್ಟಿಗೆ ಸೇರಿರಲಿಲ್ಲ; ಜಗಳದ ಮರುದಿನ ನಾನೇ ಕದ್ದು ಸೇರಿಸಿದ್ದೆ. ಯಾರು ಯಾವಾಗ ತೆರೆದು ಓದಿದರೆಂದು ನನ್ನ ಕಂಪ್ಯೂಟರ್ ತೋರಿಸುತ್ತದೆ. ನೂರ ನಾಲ್ಕು ಸೋಮವಾರ, ನೂರ ನಾಲ್ಕನ್ನೂ ನೀನು ತೆರೆದಿದ್ದೀಯೆ, ನಾನಿಲ್ಲಿ ಅಂಗಡಿ ಬಾಗಿಲು ತೆಗೆಯುವ ಮೊದಲೇ. ಈ ಕಾಗದ ಕೈಸೇರುವಷ್ಟರಲ್ಲಿ ಒಂದು ಸೋಮವಾರ ಏನೂ ಬಾರದೆ ಕಳೆದಿರುತ್ತದೆ. ಹುಡುಕಿದೆಯಾ?