ಅಳಿಪತ್ರ ಬಂದ ಮೇಲೆ ನಾನು ಬರೆದದ್ದು

ರಾಯಚೂರು
ಫೆಬ್ರವರಿ ೩೦, ೨೧೩೯

ನಮಗಿಂತ ನೂರು ವರ್ಷ ಹಿಂದೆ ಇರುವ ಹಿರಿಯರಿಗೆ,

ಮೇಲಿನ ತಾರೀಖು ಕೈತಪ್ಪಲ್ಲ. ತಿಂಗಳುಗಳಿಗೆ ದಿನಗಳನ್ನು ಸಮನಾಗಿ ಹಂಚಬೇಕೆಂದು ನನ್ನ ಅಜ್ಜಿಯ ಕಾಲದವರು ಹಟ ಹಿಡಿದು ಗೆದ್ದರು, ಅಂದಿನಿಂದ ಫೆಬ್ರವರಿಗೂ ಮೂವತ್ತು ದಿನ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬರುತ್ತವೆ. ನಿಮ್ಮ ಮಾತುಗಳನ್ನು ನಾನು ಹಳೆಯ ಕರಪತ್ರಗಳಿಂದ ಕಲಿತವಳು, ಅವನ್ನೂ ತಪ್ಪಾಗಿ ಬಳಸಿರಬಹುದು. ಎರಡಕ್ಕೂ ಕ್ಷಮೆ ಇರಲಿ.

ತಿದ್ದಲಾಗದ ತಪ್ಪು ಮಾಡಿದವರು ಹಿಂದಿನವರಿಗೆ ಒಂದು ಕಾಗದ ಬರೆಯಬೇಕೆಂಬುದು ನಮ್ಮೂರ ಪದ್ಧತಿ. ಕಾಗದ ನಿಮ್ಮನ್ನು ತಲುಪುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಆದರೆ ನಿಮ್ಮಿಂದ ನನಗೆ ಸಿಗುವಂಥದ್ದು ಏನೂ ಇಲ್ಲ, ಹಾಗಾಗಿ ನಿಮ್ಮೆದುರು ಒಳ್ಳೆಯವಳಾಗಿ ಕಾಣಬೇಕೆಂಬ ಆಸೆಯೂ ಹುಟ್ಟುವುದಿಲ್ಲ. ನನ್ನ ಹೆಸರು ಅಂಬಮ್ಮ, ವಯಸ್ಸು ಇಪ್ಪತ್ತಮೂರು. ನಾನು ಯಾರ ಕತೆ ಹೇಳಲಿದ್ದೇನೋ ಆಕೆಯ ನಿಜವಾದ ಹೆಸರು ಹುಲಿಗೆಮ್ಮ ಅಲ್ಲ. ಆ ಹೆಸರನ್ನೂ ಮನೆಯವರ ಹೆಸರುಗಳನ್ನೂ ಈ ಕಾಗದಕ್ಕೆಂದು ಆಕೆಯೇ ಆರಿಸಿ ಕೊಟ್ಟಳು. ಬರೆಯಲೇ ಎಂದು ಕೇಳಿದ್ದಕ್ಕೆ ಆಕೆ ಅಂದದ್ದು ಇಷ್ಟು: “ನೂರು ವರ್ಷ ಹಿಂದಿನವ್ರಿಗಾ? ಬರಿ. ಅವ್ರೇನು ನಮ್ಮಣ್ಣಗ ಹೇಳಾಕ ಬರ್ತಾರೇನು?”

ನಮ್ಮಲ್ಲಿ ಬೆಳಗಿನ ಹನ್ನೊಂದರಿಂದ ಸಂಜೆ ಐದರವರೆಗೆ ಮುಚ್ಚುಹೊತ್ತು. ಆಗ ಬೀದಿಯ ಮೇಲೆ ಮನುಷ್ಯರೂ ಇರುವುದಿಲ್ಲ, ನಾಯಿಗಳೂ ಇರುವುದಿಲ್ಲ. ಬಿಸಿಲಿಗೆ ಬಿಟ್ಟ ಬಂಡಿಯ ಬ್ಯಾಟರಿ ಒಂದೇ ವಾರದಲ್ಲಿ ಉಬ್ಬಿ ಹಾಳಾಗುತ್ತದೆ. ಆದ್ದರಿಂದ ನಿಮ್ಮ ಕಾಲದಲ್ಲಿ ಜಾಗಕ್ಕೆ ಇದ್ದ ಬೆಲೆ ನಮ್ಮಲ್ಲಿ ನೆರಳಿಗೆ. ಬೀದಿಗಳಿಗೆ ಹೊದಿಸಿದ ದಪ್ಪ ಪರದೆಗಳು ಕಂಪನಿಗಳವು, ಅವುಗಳ ಕೆಳಗಿನ ನೆಲದಲ್ಲಿ ಹೂತಿಟ್ಟ ನೆಲಗಣ್ಣುಗಳೂ ಅವುಗಳವೇ. ಯಾವ ಬಂಡಿ ಎಷ್ಟು ಹೊತ್ತು ನಿಂತಿತು, ಯಾರು ಇಳಿದರು, ಯಾರ ಜೊತೆ ಕೂತರು, ಎಲ್ಲವನ್ನೂ ನೆಲಗಣ್ಣು ನೋಡಿಕೊಳ್ಳುತ್ತದೆ. ಹೊತ್ತು ಮೀರಿದರೆ ಮನೆಗೆ ಕಾಗದ ಬರುತ್ತದೆ. ಅದಕ್ಕೆ ನೆರಳುದಾವೆ ಎನ್ನುತ್ತೇವೆ. ಮುಚ್ಚುಹೊತ್ತಿನಲ್ಲಿ ಜನ ನೆರಳುಮನೆಗಳಲ್ಲಿ ಸೇರಿ ಅಡ್ಡಾಗುತ್ತಾರೆ, ಕರಪತ್ರ ಓದುತ್ತಾರೆ, ಓದಲು ಬಾರದವರು ಓದಿಸಿ ಕೇಳುತ್ತಾರೆ. ನಾನು ಶಾಲೆಯಲ್ಲಿ ಕಲಿತದ್ದಕ್ಕಿಂತ ಅಲ್ಲಿ ಕಲಿತದ್ದು ಹೆಚ್ಚು. ಹತ್ತೊಂಬತ್ತಕ್ಕೆ ನನ್ನದೇ ಒಂದು ಹಾಳೆ ಶುರುಮಾಡಿ ‘ಎದುರುತ್ತರ’ ಎಂದು ಹೆಸರಿಟ್ಟೆ.

ಹುಲಿಗೆಮ್ಮತ್ತೆ ನಮ್ಮ ಓಣಿಯವಳು, ಹರಿದ ಪರದೆಗಳನ್ನು ಹೊಲಿಯುವ ಕೆಲಸ. ಅಣ್ಣ ಯಂಕಪ್ಪನ ಮನೆಯಲ್ಲಿದ್ದುಕೊಂಡು ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಒಂದು ದಿನ ಆಕೆಗೆ ನೆರಳುದಾವೆ ಬಂತು. ಹನ್ನೊಂದು ಗುರುವಾರ ಆಕೆಯ ಬಂಡಿ ಊರಾಚೆಯ ಒಂದು ಬಡಾವಣೆಯ ನೆರಳಲ್ಲಿ ಹೊತ್ತು ಮೀರಿ ನಿಂತಿತ್ತೆಂದು ದೂರು. ಆಕೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಹತ್ತಿರ ತಂದಳು. ಅಲ್ಲಿನ ನಿವಾಸಿಯೊಬ್ಬಳು ಆಕೆಯ ಹೆಸರನ್ನು ಅತಿಥಿ ಪಟ್ಟಿಯಲ್ಲಿ ಬರೆಸಿದ್ದಳು, ಅತಿಥಿಗಳಿಗೆ ಹೊತ್ತಿನ ಮಿತಿಯೇ ಇಲ್ಲ. ಕಂಪನಿ ಪಟ್ಟಿಯನ್ನೇ ನೋಡಿರಲಿಲ್ಲ. ನಾನು ಮೂರು ಕಾಗದ ಬರೆದೆ. ನಾಲ್ಕನೆಯ ವಾರ ಒಂದು ಸಾಲಿನ ಉತ್ತರ ಬಂತು: ನೆರಳುದಾವೆಯನ್ನು ಕೈಬಿಡಲಾಗಿದೆ.

ಬಿಟ್ಟಾರಲ್ಲ, ಇನ್ನೇನು ಬೇಕು ಎಂದಳು ಹುಲಿಗೆಮ್ಮತ್ತೆ. ನಾನು ಬಿಡಲಿಲ್ಲ. ಕೈಬಿಟ್ಟದ್ದು ಬೇರೆ, ಅಳಿಸಿದ್ದು ಬೇರೆ ಎಂದು ಅರ್ಧ ಗಂಟೆ ಹೇಳಿದೆ. ದಾವೆ ಬಿಟ್ಟರೂ ಆ ಹನ್ನೊಂದು ಗುರುವಾರಗಳು ಅವರ ಬಳಿಯೇ ಇರುತ್ತವೆ, ನಾಳೆ ಯಾರಿಗೆ ಬೇಕಾದರೂ ತೋರಿಸಬಹುದು. ನಮ್ಮ ಕಾನೂನಿನಲ್ಲಿ ಅದಕ್ಕೆ ದಾರಿ ಇದೆ. ಕೂಡಿಟ್ಟದ್ದೆಲ್ಲದರ ನಕಲು ಕೇಳಬಹುದು, ತಪ್ಪಿದ್ದರೆ ತಿದ್ದಿಸಬಹುದು, ದಾವೆ ಮುಗಿದ ಮೇಲೆ ಇಟ್ಟುಕೊಳ್ಳಲು ಕಾರಣವಿಲ್ಲವೆಂದು ಅಳಿಸಲು ಹೇಳಬಹುದು, ಕೇಳದಿದ್ದರೆ ಮಾಹಿತಿ ಪಂಚರ ಮುಂದೆ ಹೋಗಬಹುದು. ಆದ ತೊಂದರೆಗೆ ಪರಿಹಾರವನ್ನೂ ಬೇಡಬಹುದು. ನಿಮ್ಮ ಕಾಲದಲ್ಲಿಯೂ ಇಂಥ ಹಕ್ಕುಗಳು ಮೊಳಕೆಯೊಡೆದಿದ್ದವೆಂದು ಓದಿದ್ದೇನೆ. ಹುಲಿಗೆಮ್ಮತ್ತೆ ಎಲ್ಲ ಕೇಳಿ, ಪರಿಹಾರ ಬೇಡ, ಅಳಿಸುವುದೊಂದು ಮಾಡಿಸು ಎಂದಳು.

ನಕಲು ಬಂದಾಗ ಯಾಕೆಂದು ತಿಳಿಯಿತು. ಹನ್ನೊಂದೂ ಚಿತ್ರಗಳಲ್ಲಿ ಆಕೆ ತನ್ನ ತಂಗಿ ದ್ಯಾವಮ್ಮನ ಜೊತೆ ಕಟ್ಟೆಯ ಮೇಲೆ ಕೂತಿದ್ದಳು. ಒಂಬತ್ತು ವರ್ಷದ ಹಿಂದೆ ಯಂಕಪ್ಪ ಓಣಿಯ ನೀರಿನ ಪಾಳಿ ಕದ್ದಾಗ ಊರ ಪಂಚರ ಮುಂದೆ ನಿಜ ಹೇಳಿದವಳು ದ್ಯಾವಮ್ಮ. ಅಂದಿನಿಂದ ಅವಳ ಜೊತೆ ಮಾತಾಡಿದವರಿಗೆ ಆ ಮನೆಯಲ್ಲಿ ಜಾಗವಿಲ್ಲ. ಹುಲಿಗೆಮ್ಮತ್ತೆ ವಾರಕ್ಕೊಮ್ಮೆ ತಾಯಿಯ ಮಾತನ್ನು ಮಗಳಿಗೆ ಒಯ್ಯುತ್ತಿದ್ದಳು, ಮಗಳ ಕೈಯ ಶೇಂಗಾ ಚಟ್ನಿಯನ್ನು ತಾಯಿಗೆ ತರುತ್ತಿದ್ದಳು. ಆ ಮುದುಕಿಗೆ ಇದ್ದದ್ದು ಅದೊಂದೇ ದಾರಿ.

ಅಳಿಸಿರೆಂದು ಮತ್ತೆ ಬರೆದೆ, ಕಂಪನಿ ಕೊನೆಗೆ ಒಪ್ಪಿತು. ಎಲ್ಲವನ್ನೂ ಅಳಿಸಿ ಅಳಿಪತ್ರ ಕಳಿಸಿತು. ಅಳಿಸಿದ ಮೇಲೆ ಉಳಿಯುವ ಒಂದೇ ನಕಲು ನಮ್ಮ ಕೈಯಲ್ಲಿರುತ್ತದೆ. ಅದನ್ನು ಮನೆಗೆ ಒಯ್ಯುವಂತಿರಲಿಲ್ಲವಾದ್ದರಿಂದ, ಸುಟ್ಟುಬಿಡವ್ವ ಎಂದು ಹುಲಿಗೆಮ್ಮತ್ತೆ ನನಗೆ ಕೊಟ್ಟು ಹೋದಳು. ಹೋಗುವಾಗ, ಇಷ್ಟು ಓದಿದಾಕಿಗೆ ಗಂಡು ಹುಡುಕೋದು ಕಷ್ಟ ಐತಿ ನೋಡು ಎಂದು ನನ್ನ ಗಲ್ಲ ಹಿಂಡಿ ನಕ್ಕಳು.

ನಾನು ಸುಡಲಿಲ್ಲ.

ಇಲ್ಲಿಂದ ಮುಂದೆ ಬರೆಯುವುದು ನನಗೆ ಕಷ್ಟ. ರಾಯಚೂರಿನಲ್ಲಿ ಅಳಿಪತ್ರ ಗೆದ್ದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇದನ್ನು ನಾಲ್ಕು ಜನ ಓದಿದರೆ ನಾಲ್ಕು ಜನಕ್ಕೆ ಧೈರ್ಯ ಬರುತ್ತದೆ ಎಂದುಕೊಂಡೆ. ಹೆಸರು ಮುಚ್ಚುವುದು ಹೇಡಿತನ, ಹೆಸರು ಹೇಳಿ ಹೋರಾಡಬೇಕು ಎಂದು ನಾನು ಓದಿದ ಕರಪತ್ರಗಳೆಲ್ಲ ಹೇಳುತ್ತಿದ್ದವು. ಹಾಗಾಗಿ ‘ಎದುರುತ್ತರ’ದ ವಿಶೇಷ ಹಾಳೆ ತಂದೆ. ಅದರಲ್ಲಿ ಆಕೆಯ ಹೆಸರು, ಬಂಡಿಯ ನಂಬರು, ಬಡಾವಣೆ, ಹನ್ನೊಂದು ಗುರುವಾರಗಳು. ಒಂದು ಚಿತ್ರವನ್ನೂ ಹಾಕಿದೆ, ಏಕೆಂದರೆ ಅದರಲ್ಲಿ ಹುಲಿಗೆಮ್ಮತ್ತೆ ಚೆನ್ನಾಗಿ ನಗುತ್ತಿದ್ದಳು. ಆಕೆಯನ್ನು ಒಂದು ಮಾತು ಕೇಳಲಿಲ್ಲ. ಮರೆತೆನೆಂದು ಹೇಳಿದರೆ ಸುಳ್ಳಾಗುತ್ತದೆ. ಕೇಳಿದರೆ ಬೇಡ ಅನ್ನುತ್ತಾಳೆಂದು ಗೊತ್ತಿತ್ತು. ಗೆಲುವು ನನ್ನದು ಅನಿಸಿತ್ತು. ಇನ್ನೂರು ಹಾಳೆಗಳನ್ನು ನೆರಳುಮನೆಗಳಲ್ಲಿ ನನ್ನ ಕೈಯಾರೆ ಅಂಟಿಸಿದೆ.

ಯಂಕಪ್ಪನಿಗೆ ಓದಲು ಬಾರದು. ಮುಚ್ಚುಹೊತ್ತಿನಲ್ಲಿ ಯಾರೋ ಓದಿ ಹೇಳಿದರು. ಸಂಜೆ ಬಾಗಿಲು ತೆರೆಯುವ ಹೊತ್ತಿಗೆ ಹುಲಿಗೆಮ್ಮತ್ತೆಯ ಹೊಲಿಗೆ ಯಂತ್ರ ಬೀದಿಯಲ್ಲಿತ್ತು. ಆಕೆ ನೇರ ನನ್ನ ಹತ್ತಿರ ಬಂದಳು. ಬೈಯುತ್ತಾಳೆಂದು ಕಾದೆ. ಆಕೆ ಬೈಯಲಿಲ್ಲ.

“ಕಂಪನಿಯವ್ರು ಅಳಿಸಿದ್ರು. ನೀ ಬರದಿ.”

ಆಗಲೂ ನನಗೆ ಹೊಳೆದದ್ದು ಕಾನೂನೇ. ಒಬ್ಬರ ಮಾಹಿತಿ ಇಟ್ಟುಕೊಂಡು ಒಪ್ಪಿಗೆಯಿಲ್ಲದೆ ಹಂಚಿದವರು ಕಂಪನಿಯಾದರೇನು, ಅಂಬಮ್ಮಳಾದರೇನು, ತಪ್ಪು ಒಂದೇ. ನನ್ನ ಮೇಲೆ ನಾನೇ ದೂರು ಬರೆದು ಆಕೆಯ ಮುಂದೆ ಹಿಡಿದೆ, ಸಹಿ ಮಾಡು ಅತ್ತೆ, ಮಾಹಿತಿ ಪಂಚರ ಮುಂದೆ ನಿಲ್ಲುತ್ತೇನೆ ಎಂದೆ. ಆಕೆ ಹಾಳೆಯನ್ನು ತಿರುಗಿಸಿ ನೋಡಿ, “ಇದ್ರಾಗೂ ನನ್ನ ಹೆಸರು ಬರದೀಯಲ್ಲ” ಎಂದು ಹಿಂದಕ್ಕೆ ಕೊಟ್ಟಳು. ಇನ್ನೂರರಲ್ಲಿ ನೂರ ಎಂಬತ್ತೊಂದು ಹಾಳೆಗಳನ್ನು ಕಿತ್ತು ತಂದಿದ್ದೇನೆ. ಕೇಳಿದವರ ಕಿವಿಯಿಂದ ಏನನ್ನೂ ಕೀಳಲಾಗಲಿಲ್ಲ. ಅದಕ್ಕೆ ಅಳಿಪತ್ರ ಕೊಡುವ ಪಂಚರು ನಮ್ಮ ಕಾಲದಲ್ಲೂ ಇಲ್ಲ.

ಇನ್ನೂ ನಾಚಿಕೆಯ ಸಂಗತಿಯೆಂದರೆ ಯಂಕಪ್ಪ ನನ್ನನ್ನು ಹೊಗಳಿದ. ನೀನೊಬ್ಬಳೇ ಶಾಣೇಳು, ಇದ್ದದ್ದು ಇದ್ದಂಗ ಬರದಿ, ನಮ್ಮ ಮನೀಗೆ ಬರ್ತಾ ಇರು ಎಂದ. ಬಾಯಿ ತುದಿಗೆ ಬಂದ ಉತ್ತರವನ್ನು ನುಂಗಿದೆ. ಜೀವಮಾನದಲ್ಲಿ ಮೊದಲ ಸಲ ಎದುರುತ್ತರ ಕೊಡಲಿಲ್ಲ, ಏಕೆಂದರೆ ಆ ಮನೆಯ ಬಾಗಿಲು ಈಗ ನನ್ನೊಬ್ಬಳಿಗೆ ತೆರೆದಿತ್ತು.

ಹಿರಿಯರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಮೇಲಿನ ದಾವೆಯನ್ನು ಯಾರಾದರೂ ಕೈಬಿಟ್ಟರೆ ಅಲ್ಲಿಗೆ ಸುಮ್ಮನಾಗಬೇಡಿ. ನಿಮ್ಮ ಬಗ್ಗೆ ಏನು ಇಟ್ಟುಕೊಂಡಿದ್ದಾರೆಂದು ಕೇಳಿ, ಅಳಿಸಿದ್ದಾರೆಂದು ಬರೆಸಿಕೊಳ್ಳಿ. ಆ ಹೋರಾಟದಲ್ಲಿ ನಾನು ಇಂದಿಗೂ ಒಂದಕ್ಷರ ಹಿಂದೆ ಸರಿದಿಲ್ಲ. ಆದರೆ ಬೇರೆಯವರ ಪರವಾಗಿ ಗೆದ್ದವರು ಗೆದ್ದ ಮೇಲೆ ಇನ್ನೊಂದು ಸಲ ಅವರ ಮನೆಗೆ ಹೋಗಿ ಕೇಳಬೇಕು: ಇದನ್ನು ಯಾರಿಗೆ ಹೇಳಲಿ, ಯಾರಿಗೆ ಬೇಡ. ಇದು ಯಾವ ಕರಪತ್ರದಲ್ಲೂ ಇರಲಿಲ್ಲ. ನಾನೂ ನನ್ನ ಹಾಳೆಯಲ್ಲಿ ಬರೆದಿರಲಿಲ್ಲ.

ಈಗ ಪ್ರತಿ ಗುರುವಾರ ಬೆಳಿಗ್ಗೆ ಆ ಮುದುಕಿ ತಾಯಿಯ ಹಾಸಿಗೆಯ ಹತ್ತಿರ ಕೂತು ಆಕೆಯ ತಲೆ ಬಾಚುತ್ತೇನೆ. ಯಂಕಪ್ಪ ಕೆಲಸಕ್ಕೆ ಹೋದ ಮೇಲೆ ಆಕೆ ಮಾತಾಡುತ್ತಾಳೆ. ಮುಚ್ಚುಹೊತ್ತಿಗೆ ಮುಂಚೆ ನಡೆದೇ ಬಡಾವಣೆ ಸೇರಿ, ಈಗ ಅಲ್ಲಿ ಒಟ್ಟಿಗಿರುವ ಅಕ್ಕತಂಗಿಯರಿಬ್ಬರಿಗೂ ಕೇಳಿದ್ದನ್ನು ಕೇಳಿದ ಹಾಗೆ ಹೇಳಿ ಬರುತ್ತೇನೆ. ಏನನ್ನೂ ಬರೆದುಕೊಳ್ಳುವುದಿಲ್ಲ. ಇವತ್ತೂ ಗುರುವಾರ. ಇವತ್ತು ಆಕೆ ಬಹಳ ಹೊತ್ತು ಮಾತಾಡಿದಳು, ಒಂದು ಕಡೆ ಅತ್ತಳು, ಕೊನೆಗೆ ನಕ್ಕಳು. ಏನು ಹೇಳಿದಳೆಂದು ನೂರು ವರ್ಷ ಹಿಂದಿರುವ ನಿಮಗೂ ನಾನು ಹೇಳುವುದಿಲ್ಲ. ಅದು ನನ್ನದಲ್ಲ.

ಅಂಬಮ್ಮ