ಖಾಲಿ ಡಬ್ಬಿಗಳ ಬುಧವಾರ

ಮಾನ್ಯ ಪ್ರಾಂತೀಯ ಆರೋಗ್ಯ ನಿರ್ದೇಶಕರೇ,

ತಾಶ್‌ಗೆದಿಕ್ ಪಟ್ಟಣದ ನಿವಾಸಿಯಾದ ನಾನು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನನ್ನ ಹೆಂಡತಿ ಮುನಿರೆಯ ಕಾಲುಗಳು ಊದಿಕೊಂಡಿವೆ, ಮಲಗಿದರೆ ಆಕೆಗೆ ಉಸಿರು ಸಿಗುವುದಿಲ್ಲ ಮತ್ತು ನಮಗೆ ಕುಟುಂಬ ವೈದ್ಯರಿಲ್ಲ. ಮೊದಲ ಎರಡು ಸಂಗತಿಗಳನ್ನು ತಾವು ಒಪ್ಪಬಹುದು. ಮೂರನೆಯದನ್ನು ತಮ್ಮ ಕಚೇರಿ ಈಗಾಗಲೇ ಅಲ್ಲಗಳೆದಿದೆ. "ಸದರಿ ಪಟ್ಟಣದ ಸಮಸ್ತ ನಿವಾಸಿಗಳನ್ನೂ ಕುಟುಂಬ ವೈದ್ಯರ ಹುದ್ದೆಯೊಂದಕ್ಕೆ ಸೇರಿಸಲಾಗಿದೆ" ಎಂದು ನನ್ನ ಮನವಿಗೆ ಉತ್ತರ ಬಂದಿದೆ. ನ್ಯಾಯಾಲಯದ ಗೋಡೆಯ ಪಕ್ಕ ಬೆರಳಚ್ಚು ಯಂತ್ರ ಇಟ್ಟುಕೊಂಡು ಜೀವಮಾನವಿಡೀ ಊರವರ ಅರ್ಜಿ ಬರೆದವನು ನಾನು. ಲೋಪವಿಲ್ಲದ ವಾಕ್ಯವನ್ನು ಕಂಡರೆ ಗುರುತಿಸಬಲ್ಲೆ. ನಾವು ಹುದ್ದೆಗೆ ಸೇರಿದ್ದೇವೆ, ನಿಜ. ಆದರೆ ಹುದ್ದೆಯು ಮುನಿರೆಯ ಬೆನ್ನಿಗೆ ಕಿವಿಗೊಟ್ಟು ಆಲಿಸುವುದು ಹೇಗೆ, ಸ್ವಾಮಿ?

ಕಡ್ಡಾಯ ಸೇವೆಯ ಅವಧಿ ಮುಗಿಸಿ ನಮ್ಮ ಕೊನೆಯ ವೈದ್ಯೆ ಹೋದ ಮೇಲೆ ಎರಡು ಬೇಸಿಗೆಗಳು ಕಳೆದಿವೆ. ಅವರನ್ನು ಉಳಿಸಿಕೊಳ್ಳಲು ಊರು ಏನು ತಾನೇ ಮಾಡಲಿಲ್ಲ? ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ಅವರ ಬಾಗಿಲಿಗೆ ತಪ್ಪದೆ ಹೋಗುತ್ತಿತ್ತು. ಚಳಿಗಾಲದ ಸೌದೆಯನ್ನು ಅವರು ಕೇಳುವ ಮೊದಲೇ ಒಡೆದು ಒಟ್ಟಿದ್ದೆವು. ಸಾಲದ್ದಕ್ಕೆ ನಮ್ಮ ಹೆಂಗಸರು ಒಬ್ಬನಾದ ಮೇಲೊಬ್ಬ ವರನನ್ನೂ ತೋರಿಸಿದರು. ಕೊನೆಯವನನ್ನು ನೋಡಿದ ಮರುದಿನವೇ ಅವರು ವರ್ಗಾವಣೆ ಕೇಳಿದರೆಂದು ಟೀ ಅಂಗಡಿಯಲ್ಲಿ ಈಗಲೂ ನಗುತ್ತಾರೆ. ಆ ನಗೆ ಈಚೆಗೆ ಬೇಗ ನಿಲ್ಲುತ್ತದೆ.

ಈ ಶರತ್ಕಾಲದಲ್ಲಿ ಮುನಿರೆಯನ್ನು ಕರೆದುಕೊಂಡು ಕಣಿವೆಯಾಚೆಯ ಪಟ್ಟಣಕ್ಕೆ ಹೋದೆ. ಅಲ್ಲಿಯ ವೈದ್ಯರ ಬಳಿ ನಮ್ಮ ಹೆಸರು ಬರೆಸುವುದು ಉದ್ದೇಶ. ಕಿಟಕಿಯಲ್ಲಿ ಕುಳಿತಿದ್ದ ಹುಡುಗಿ ಗಣಕದ ಪರದೆ ನೋಡಿ ಮುಗುಳ್ನಕ್ಕಳು.

"ದೊಡ್ಡಪ್ಪ, ನಿಮಗಾಗ್ಲೇ ಡಾಕ್ಟರ್ ಇದ್ದಾರಲ್ಲ!"

"ಯಾರಮ್ಮಾ ಅವರು? ಹೆಸರು ಹೇಳು, ಹೋಗಿ ಕೈಮುಗೀತೀನಿ."

"ಹೆಸರಿನ ಜಾಗ ಖಾಲಿ ಇದೆ. ಆದ್ರೆ ಇದ್ದಾರೆ ಅಂತ ತೋರಿಸ್ತಿದೆ."

"ಹಾಗಾದ್ರೆ ಇವಳನ್ನ ನಿಮ್ಮ ಡಾಕ್ಟರ್‌ಗೆ ಸೇರಿಸಿಬಿಡು ತಾಯಿ."

"ನಮ್ಮೋರ ಪಟ್ಟಿ ತುಂಬಿ ತುಳುಕ್ತಿದೆ ದೊಡ್ಡಪ್ಪ. ಯಾರಾದ್ರೂ ಊರು ಬಿಡ್ಬೇಕು, ಇಲ್ಲಾ..." ಎಂದವಳು ಮುನಿರೆಯ ಮುಖ ನೋಡಿ ಮಾತು ನುಂಗಿಕೊಂಡಳು.

ಆ ನುಂಗಿದ ಮಾತೇ ತಮ್ಮ ವ್ಯವಸ್ಥೆಯ ತಿರುಳಲ್ಲವೇ? ಯಾರದೋ ಸಾವಿಗಾಗಿ ಮರ್ಯಾದೆಯಿಂದ ಸಾಲಿನಲ್ಲಿ ಕಾಯುವುದು.

ವೈದ್ಯರು ಬರುವುದೇ ಇಲ್ಲವೆಂದು ನಾನು ದೂರುತ್ತಿಲ್ಲ. ಸುಳ್ಳು ಬರೆದ ಕೈಯಲ್ಲ ಇದು. ಬುಧವಾರದ ಬೆಳಿಗ್ಗೆ ಬದಲಿ ವೈದ್ಯೆಯೊಬ್ಬರು ಬರುತ್ತಾರೆ, ಮಧ್ಯಾಹ್ನದ ನಮಾಜಿಗೆ ಮೊದಲು ಮುಂದಿನ ಊರಿಗೆ ಹೊರಡುತ್ತಾರೆ. ಅಷ್ಟರಲ್ಲಿ ಇಡೀ ಪಟ್ಟಣವನ್ನು ನೋಡಿ ಮುಗಿಸಬೇಕು. ಆದ್ದರಿಂದ ಜನ ಒಂದು ಉಪಾಯ ಹೂಡಿದ್ದಾರೆ: ರೋಗಿಗಳು ಹೋಗುವುದಿಲ್ಲ, ಅವರ ಖಾಲಿ ಮಾತ್ರೆ ಡಬ್ಬಿಗಳು ಹೋಗುತ್ತವೆ. ನಮ್ಮ ಬೀದಿಯ ಡಬ್ಬಿಗಳನ್ನು ಮಂಗಳವಾರ ಸಂಜೆ ನೆರೆಯ ಸಾಬಿಹಾ ಚೀಲದಲ್ಲಿ ಒಟ್ಟುಗೂಡಿಸುತ್ತಾಳೆ. ಬೆಳಗಾಗುವ ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲುತ್ತಾಳೆ. ವೈದ್ಯೆ ಡಬ್ಬಿ ನೋಡುತ್ತಾರೆ, "ಇವರು ಹೇಗಿದ್ದಾರೆ?" ಎನ್ನುತ್ತಾರೆ, ಅದೇ ಮದ್ದನ್ನು ಮತ್ತೆ ಬರೆಯುತ್ತಾರೆ.

"ಹೇಗಿದ್ದಾರೆ" ಎಂಬ ಪ್ರಶ್ನೆಗೆ ನಮ್ಮಲ್ಲಿರುವುದು ಒಂದೇ ಉತ್ತರ. "ದೇವರ ದಯೆ, ಚೆನ್ನಾಗಿದ್ದಾರೆ." ಬೇರೆಯವರ ಕಾಯಿಲೆಯನ್ನು ಬಾಯಿಬಿಟ್ಟು ಹೇಳಿದರೆ ಅದನ್ನು ಕೂಗಿ ಕರೆದಂತೆ ಎಂದು ನಮ್ಮ ತಾಯಂದಿರು ಕಲಿಸಿದ್ದಾರೆ. ಸಾಬಿಹಾ ಒಳ್ಳೆಯ ಹೆಂಗಸು. ಅವಳು ಯಾರಿಗೂ ಕೇಡು ಕರೆಯುವವಳಲ್ಲ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ದುರ್ಮುಷ್ ಇದ್ದ. ಕಳೆದ ಚಳಿಗಾಲ ಅವನ ಚಪ್ಪಲಿ ಬಿಗಿಯಾಯಿತು. ಆಮೇಲೆ ಎರಡು ದಿಂಬು ಸಾಲದೆ ಮೂರನೆಯದು ಕೇಳಿದ. ಆಮೇಲೆ ಮಲಗುವುದನ್ನೇ ಬಿಟ್ಟು ಒಲೆಯ ಪಕ್ಕ ಗೋಡೆಗೆ ಒರಗಿ ಕೂರತೊಡಗಿದ. ಅವನ ಡಬ್ಬಿ ಮಾತ್ರ ಬುಧವಾರ ಬುಧವಾರವೂ ಆರೋಗ್ಯವಾಗಿ ಹೋಗಿ ಬರುತ್ತಿತ್ತು. ಅಂಥದೊಂದು ಬುಧವಾರ ವೈದ್ಯೆ ಅವನ ಡಬ್ಬಿ ಎತ್ತಿಕೊಂಡು "ಈ ಯಜಮಾನ್ರು ಹೇಗಿದ್ದಾರಮ್ಮ?" ಎಂದರು. "ದೇವರ ದಯೆ ಡಾಕ್ಟ್ರಮ್ಮ, ಗುಂಡುಕಲ್ಲಿನ ಹಾಗಿದ್ದಾನೆ," ಎಂದಳು ಸಾಬಿಹಾ. ಆಗ ಮಿನಾರಿನ ಧ್ವನಿವರ್ಧಕದಲ್ಲಿ ಸಾವು ಸಾರುವ ಮೊದಲಿನ ಪ್ರಾರ್ಥನೆ ಶುರುವಾಯಿತು. ಸಾಲಿನಲ್ಲಿದ್ದವರೆಲ್ಲ ಯಾರ ಹೆಸರು ಬರುವುದೋ ಎಂದು ತಲೆ ಬಾಗಿಸಿದರು. ದುರ್ಮುಷನ ಹೆಸರು ಬಂತು. ವೈದ್ಯೆಗೆ ಊರವರ ಪರಿಚಯವೆಲ್ಲಿಂದ ಬರಬೇಕು? ಅವರ ಲೇಖನಿ ನಿಲ್ಲಲಿಲ್ಲ. ಸಾಬಿಹಾ ಆ ಮದ್ದನ್ನು ತಂದು, ಏನು ಮಾಡಬೇಕೆಂದು ತೋಚದೆ, ಅವನ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಒಳಗೆ ಅವನನ್ನು ತೊಳೆಯುವ ನೀರು ಕಾಯುತ್ತಿತ್ತು.

ಮಾನ್ಯರೇ, ಈ ಚಳಿಗಾಲ ಮುನಿರೆಯ ಚಪ್ಪಲಿ ಬಿಗಿಯಾಗಿದೆ.

ಕಳೆದ ಮಂಗಳವಾರ ಸಾಬಿಹಾ ಚೀಲ ಹಿಡಿದು ಬಂದಾಗ ನಾನು ಡಬ್ಬಿ ಕೊಡಲಿಲ್ಲ.

"ಯಾಕೆ ರುಕ್ನೆತ್ತಿನ್ ಎಫೆಂದಿ, ನನ್ನ ಮೇಲೂ ಅರ್ಜಿ ಬರೀತೀರೇನು?" ಎಂದು ಚುಚ್ಚಿದಳು.

"ನಾಳೆ ಡಬ್ಬಿಯ ಯಜಮಾನಿಯೇ ಬರ್ತಾಳೆ."

"ಅಯ್ಯೋ, ಸುಮ್ನಿರಿ!" ಎಂದು ಮುನಿರೆ ಒಳಗಿಂದ ಗದರಿದಳು. "ನನಗೇನಾಗಿದೆ? ಚಳಿಗೆ ಕಾಲು ಬಾತಿದೆ ಅಷ್ಟೆ. ಈ ಮನುಷ್ಯ ನನ್ನ ಕಾಲನ್ನೂ ಕೋರ್ಟಿಗೆ ಹತ್ತಿಸ್ತಾನೆ ನೋಡು."

ಮರುದಿನ ಸಾಲಿನಲ್ಲಿ ನಿಂತು ಒಳಗೆ ಹೋದೆವು. ವೈದ್ಯೆ ತಲೆಯೆತ್ತದೆ ಕೈ ಚಾಚಿ "ಡಬ್ಬಿ ಕೊಡಿ" ಎಂದರು. ಕೊಟ್ಟೆ. "ಹೇಗಿದ್ದಾರೆ ಇವರು?"

ಅದಕ್ಕೆ ಉತ್ತರಿಸಿದವಳು ಮುನಿರೆಯೇ. ಮೇಜಿನ ಅಂಚು ಹಿಡಿದುಕೊಂಡು, ನಡುನಡುವೆ ಉಸಿರೆಳೆದುಕೊಳ್ಳುತ್ತ, "ದೇವರ ದಯೆ ಮಗಳೇ, ಚೆನ್ನಾಗಿದ್ದೀನಿ," ಎಂದಳು.

"ಅವಳ ಮಾತು ನಂಬಬೇಡಿ," ಎಂದೆ. "ಕಾಲು ನೋಡಿ."

ಆಗ ಅವರು ತಲೆಯೆತ್ತಿದರು. ಎದ್ದು ಬಂದು ಮೊಣಕಾಲೂರಿ ಕುಳಿತರು. ಮುನಿರೆಯ ಕಾಲುಚೀಲ ಸರಿಸಿ ಹೆಬ್ಬೆರಳಿನಿಂದ ಒತ್ತಿ ತೆಗೆದರು. ಕುಳಿ ಬಿತ್ತು. ಹಿಟ್ಟಿನ ಮುದ್ದೆಯಲ್ಲಿ ಬಿದ್ದಂತೆ ಬಿದ್ದದ್ದು ಹಾಗೇ ಉಳಿಯಿತು. ಕೋಣೆಯಲ್ಲಿದ್ದವರೆಲ್ಲರೂ ಅದನ್ನೇ ನೋಡುತ್ತಿದ್ದೆವು.

"ಇಷ್ಟು ದಿನ ಯಾರೂ ನಂಗೆ ಹೇಳ್ಲೇ ಇಲ್ವಲ್ಲ," ಎಂದರು ಆ ಹುಡುಗಿ. ಹೌದು, ಹುಡುಗಿಯೇ, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅವರ ಮೇಲೆ ನನ್ನ ದೂರಿಲ್ಲ. ಇಷ್ಟೊಂದು ಊರುಗಳಿಗೆ ಒಬ್ಬಳನ್ನು ಅಟ್ಟಿದವರ ಮೇಲಿದೆ.

ಅವರೇ ಚೀಟಿ ಬರೆದು ನಗರದ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಎದೆಯ ಪರೀಕ್ಷೆ ಮಾಡಿ, ಹೃದಯ ದಣಿದಿದೆ ಎಂದರು, ಮೈಯಲ್ಲಿ ತುಂಬಿದ ನೀರು ಇಳಿಸಲು ಹೊಸ ಮದ್ದು ಕೊಟ್ಟರು. ಹೊರಡುವಾಗ ಅಲ್ಲಿಯ ದೊಡ್ಡ ವೈದ್ಯರು ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದ್ದನ್ನು ಯಥಾವತ್ತಾಗಿ ನಿವೇದಿಸುತ್ತೇನೆ: "ಈ ಮದ್ದು ಹೆಚ್ಚಾದ್ರೂ ಕಷ್ಟ, ಕಡಿಮೆಯಾದ್ರೂ ಕಷ್ಟ. ಹೆದರಬೇಡಿ ಯಜಮಾನ್ರೇ. ನಿಮ್ಮ ಕುಟುಂಬ ವೈದ್ಯರು ಆಗಾಗ ನೋಡಿ, ತೂಕ ಮಾಡಿ, ಹೆಚ್ಚು ಕಡಿಮೆ ಮಾಡ್ತಾರೆ."

"ನಮ್ಮ ಕುಟುಂಬ ವೈದ್ಯರು!" ಎಂದು ಬಸ್ಸಿನಲ್ಲಿ ಮುನಿರೆ ನಕ್ಕಳು. ನಗು ಕೆಮ್ಮಾಗಿ ತಿರುಗಿತು, ಕೆಮ್ಮು ಕಣಿವೆ ದಾಟುವವರೆಗೆ ನಿಲ್ಲಲಿಲ್ಲ.

ನಿನ್ನೆ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಸೂಚನೆ ಅಂಟಿಸಿದ್ದಾರೆ. ಹಿಮ ಕರಗುವವರೆಗೆ ಬುಧವಾರದ ಭೇಟಿಯೂ ಇಲ್ಲ. ವೈದ್ಯೆಯನ್ನು ಬೇರೆಡೆಗೆ ನಿಯೋಜಿಸಲಾಗಿದೆ. ಪಟ್ಟಣದ ವೈದ್ಯಕೀಯ ವ್ಯವಸ್ಥೆ ಎಂದಿನಂತೆ ಮುಂದುವರಿಯುತ್ತದೆ. ಕೆಳಗೆ ತಮ್ಮ ಕಚೇರಿಯ ಮೊಹರಿದೆ. ಅದನ್ನು ಓದಿ ಮನೆಗೆ ಬಂದರೆ ಮುನಿರೆ ಒಲೆಯ ಪಕ್ಕ ಗೋಡೆಗೆ ಒರಗಿ ಕುಳಿತಿದ್ದಳು. "ನನಗೊಂದು ದಿಂಬು ಕೊಡಿ," ಎಂದಳು. ಅದು ಮೂರನೆಯದು.

ಇತರರ ಪರವಾಗಿ ನಾನು ಬರೆದ ಅರ್ಜಿಗಳಲ್ಲಿ ಪ್ರಾರ್ಥನೆಯ ಭಾಗ ದೀರ್ಘವಾಗಿರುತ್ತಿತ್ತು. ನನ್ನದು ಚಿಕ್ಕದು. ಹಿಮ ಕಣಿವೆಯ ದಾರಿ ಮುಚ್ಚುವ ಮೊದಲು ತಾಶ್‌ಗೆದಿಕ್‌ಗೆ ಒಬ್ಬ ವೈದ್ಯರನ್ನು ಕಳುಹಿಸಿ. ಅವರಿಗೆ ಹೆಸರಿರಲಿ, ಇಲ್ಲೇ ವಾಸವಿರಲಿ, ಹೆಬ್ಬೆರಳಿರಲಿ. ಮದುವೆಯ ಮಾತೆತ್ತುವುದಿಲ್ಲವೆಂದು ಬೀದಿಯ ಹೆಂಗಸರಿಂದ ನಾನೇ ಭಾಷೆ ತೆಗೆದುಕೊಳ್ಳುತ್ತೇನೆ.

ಈ ಪತ್ರಕ್ಕೆ ಉತ್ತರ ಬರೆಯಬೇಡಿ. ಬರೆಯಲೇಬೇಕೆಂದಿದ್ದರೆ, ದಯಮಾಡಿ, ಮುನಿರೆ ಹೇಗಿದ್ದಾಳೆಂದು ಮಾತ್ರ ಕೇಳಬೇಡಿ. ಉತ್ತರ ಏನೆಂದು ತಮಗೀಗ ಗೊತ್ತು. ಬಂದು ನೋಡಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ವೈದ್ಯರಿರುವ ಮನೆಯಿಂದ,
ರುಕ್ನೆತ್ತಿನ್,
ಊರಿಗೆಲ್ಲ ಅರ್ಜಿ ಬರೆದುಕೊಟ್ಟು, ಈಗ ತನ್ನದನ್ನೇ ಬರೆದುಕೊಳ್ಳುತ್ತಿರುವವನು